ಒಂದು ಎಲೆ ಸಾಕು

ಮಲ್ಲೇಶ್ವರದ ನಮ್ಮ ಸೋದರತ್ತೆ ಮನೆಯಲ್ಲಿ ಊಟದ ಕೋಣೆಯ ಕಿಟಕಿಗೆ ಅಗಲವಾದ ಒಂದು ಕಟ್ಟೆ ಇತ್ತು. ಅದರ ಮೇಲೆ ಸಾಲಾಗಿ ಏಳೆಂಟು ಆಫ್ರಿಕನ್ ವಯಲೆಟ್ ಕುಂಡಗಳು. ಮಖಮಲ್ಲಿನ ಹಾಗೆ ನವಿರಾದ ರೋಮ ತುಂಬಿದ ದುಂಡನೆ ಎಲೆಗಳು, ನಡುವೆ ನೇರಳೆ ಹೂಗಳ ಗೊಂಚಲು. ಅತ್ತೆ ಅದನ್ನ 'ವೈಲೆಟ್ಟು' ಅಂತಿದ್ರು. ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು, ಒದ್ದೆ ಬಟ್ಟೆಚೂರಿನಲ್ಲಿ ಸುತ್ತಿ ಕೈಗಿಡೋರು. "ಗಿಡ ಯಾಕೆ ಹೊತ್ಕೊಂಡು ಹೋಗ್ತೀಯೇ, ಒಂದು ಎಲೆ ಸಾಕು" ಅನ್ನೋರು. ಹಾಗೆ ಬಂದ ಎಲೆಯಿಂದ ಆದ ಗಿಡವೊಂದು ನನ್ನ ಫ್ಲಾಟಿನ ಕಿಟಕಿಯಲ್ಲಿದೆ. ಅತ್ತೆ ತೀರಿಕೊಂಡು ಮೂರು ವರ್ಷವಾಯ್ತು. ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಗಿಡದ ನಡುಭಾಗ ಯಾಕೋ ಬಿಗಿದುಕೊಳ್ಳತೊಡಗಿತು. ಹೊಸ ಎಲೆಗಳು ಅರಳುವ ಬದಲು ಮುಷ್ಟಿ ಕಟ್ಟಿಕೊಂಡ ಹಾಗೆ ಒಂದರೊಳಗೊಂದು ಮುದುಡಿಕೊಂಡವು. ಬೂದಿ ಬಣ್ಣ, ಮುಟ್ಟಿದರೆ ಪಟಕ್ಕನೆ ಮುರಿಯುವಷ್ಟು ಗಡಸು. ಗೊಬ್ಬರ ಜಾಸ್ತಿಯಾಯ್ತೇನೋ ಅಂದುಕೊಂಡು ಕುಂಡದ ಮಣ್ಣು ತೊಳೆದೆ. ಬಿಸಿಲು ಜಾಸ್ತಿಯಾಯ್ತೇನೋ ಅಂತ ಒಂದಡಿ ಒಳಗೆ ಸರಿಸಿದೆ. ಮೂರು ವಾರದಲ್ಲಿ ಅಕ್ಕಪಕ್ಕದ ಎರಡು ಗಿಡಗಳೂ ಅದೇ ದಾರಿ ಹಿಡಿದವು. ಆಮೇಲೆ ಹೊಳೆದಿದ್ದು: ಡಿಸೆಂಬರಿನಲ್ಲಿ ಊರ ಹೊರಗಿನ ಒಂದು ನರ್ಸರಿಯಿಂದ ಬಿಳಿ ಅಂಚಿನ ಎಲೆಯ ಸುಂದರಿಯೊಬ್ಬಳನ್ನು ತಂದು, ಜಾಗ ಇಲ್ಲ ಅಂತ, ಅತ್ತೆಯ ಗಿಡದ ಪಕ್ಕಕ್ಕೇ ಒತ್ತಿ ಕೂರಿಸಿದ್ದೆ.

ಭೂತಗನ್ನಡಿಯಲ್ಲಿ ಏನೂ ಕಾಣಲಿಲ್ಲ. ಅರವತ್ತು ಪಟ್ಟು ದೊಡ್ಡದು ಮಾಡುವ ಪುಟ್ಟ ಲೆನ್ಸ್ ತರಿಸಿ, ಎಲೆಯ ತುಣುಕೊಂದನ್ನು ಕೆಳಗಿಟ್ಟು ನೋಡಿದೆ. ರೋಮಗಳ ಕಾಡಿನ ನಡುವೆ ಮಸುಕು ಹಳದಿಯ, ಗಾಜಿನಂಥ ಮೈಯ ಒಂದಷ್ಟು ಜೀವಿಗಳು ನಿಧಾನಕ್ಕೆ ಓಡಾಡುತ್ತಿದ್ದವು. ಸೈಕ್ಲಮೆನ್ ಮೈಟ್. ನಮ್ಮ ರೈತರ ಮಾತಿನಲ್ಲಿ ನುಸಿ. ಉದ್ದ ಕಾಲು ಮಿಲಿಮೀಟರ್.

ಮೂರೂ ಗಿಡಗಳನ್ನು ಬಚ್ಚಲಿನ ಕಿಟಕಿಗೆ ವರ್ಗ ಮಾಡಿ, ಮುಂದೇನು ಮಾಡೋದು ಅಂತ ಓದೋಕೆ ಕೂತೆ. ಕೀಟನಾಶಕದ ಹೆಸರು ಹುಡುಕಲು ಹೊರಟವಳು ಎಲ್ಲಿಂದ ಎಲ್ಲಿಗೋ ಹೋದೆ. ಈ ಗಿಡ ಜಗತ್ತು ಸುತ್ತಿದ ಕತೆಯನ್ನೂ ಅದರ ಹುಳುಗಳ ಕತೆಯನ್ನೂ ಬೇರೆ ಮಾಡಿ ಹೇಳೋಕೇ ಆಗಲ್ಲ, ಎರಡೂ ಒಂದೇ ಗಂಟಿನಲ್ಲಿ ಬರುತ್ತವೆ.

ಮೊದಲು ಗಿಡ. ಈಗಿನ ತಾಂಜಾನಿಯಾದ ಈಶಾನ್ಯ ಮೂಲೆಯಲ್ಲಿ, ಸಮುದ್ರಕ್ಕೆ ಹತ್ತಿರವಾಗಿ ಉಸಾಂಬರಾ ಅನ್ನೋ ಬೆಟ್ಟಸಾಲಿದೆ. ಮೋಡ, ಮಂಜು, ಪಾಚಿ ಹಿಡಿದ ಬಂಡೆ, ದಟ್ಟ ನೆರಳು, ಹೆಚ್ಚುಕಡಿಮೆ ನಮ್ಮ ಆಗುಂಬೆಯ ಥರ. 1892ರಲ್ಲಿ ಅದು ಜರ್ಮನರ ವಸಾಹತು. ಅಲ್ಲಿನ ಅಧಿಕಾರಿ ಬ್ಯಾರನ್ ವಾಲ್ಟರ್ ಫಾನ್ ಸೇಂಟ್ ಪಾಲ್ ಇಲೇರ್ ಬಂಡೆಗಳ ಸಂದಿಯಲ್ಲಿ ಈ ಪುಟ್ಟ ಗಿಡ ನೋಡಿ, ಜರ್ಮನಿಯಲ್ಲಿದ್ದ ತನ್ನ ತಂದೆಗೆ ಕಳಿಸಿದ. ಅಪ್ಪನಿಗೆ ಗಿಡಗಳ ಹುಚ್ಚು. ಅಲ್ಲಿಂದ ಅದು ಹ್ಯಾನೋವರಿನ ಹೆರೆನ್‌ಹೌಸೆನ್ ಉದ್ಯಾನದ ಹರ್ಮನ್ ವೆಂಡ್‌ಲ್ಯಾಂಡ್ ಕೈಗೆ ಹೋಯಿತು. 1893ರಲ್ಲಿ ಆತ ಅದಕ್ಕೆ 'ಸೇಂಟ್‌ಪೋಲಿಯಾ ಅಯೊನಾಂಥ' ಅಂತ ಹೆಸರಿಟ್ಟ. ಆ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬದುಕಿದ್ದ ಶಂಬಾ ಜನ ಅದನ್ನು ಏನಂತಿದ್ದರೋ, ಹೆಸರು ಹಾಕಿಸಿಕೊಂಡವರು ಮಾತ್ರ ಬ್ಯಾರನ್ ಸಾಹೇಬರು. (2015ರಲ್ಲಿ ಸಸ್ಯವಿಜ್ಞಾನಿಗಳು ಇದು ಪ್ರತ್ಯೇಕ ಕುಲವೇ ಅಲ್ಲ, ಸ್ಟ್ರೆಪ್ಟೋಕಾರ್ಪಸ್ ಕುಲದ ಒಂದು ಪಂಗಡ ಅಷ್ಟೇ ಅಂದುಬಿಟ್ಟರು. ಸಾಹೇಬರಿಗೆ ನೂರಿಪ್ಪತ್ತು ವರ್ಷದ ಮೇಲೆ ಹಿಂಬಡ್ತಿ!) ವಯಲೆಟ್ ಅಂತ ಕರೆದರೂ ನಿಜವಾದ ವಯಲೆಟ್ ಹೂವಿಗೂ ಇದಕ್ಕೂ ನಂಟಿಲ್ಲ. ಹೂವಿನ ಬಣ್ಣ ನೋಡಿ ಕರೆದಿದ್ದು.

ಇದು ಮನೆಮನೆಯ ಗಿಡವಾಗಿದ್ದು ಮಾತ್ರ ಅಮೆರಿಕದಲ್ಲಿ. ಲಾಸ್ ಏಂಜಲೀಸಿನ ಆರ್ಮಕಾಸ್ಟ್ ಅಂಡ್ ರಾಯ್‌ಸ್ಟನ್ ಅನ್ನೋ ನರ್ಸರಿ 1926ರಲ್ಲಿ ಜರ್ಮನಿಯಿಂದಲೂ ಇಂಗ್ಲೆಂಡಿನಿಂದಲೂ ಬೀಜ ತರಿಸಿ, ಸುಮಾರು ಸಾವಿರ ಸಸಿ ಬೆಳೆಸಿ, ಅದರಲ್ಲಿ ಹತ್ತನ್ನು ಮಾತ್ರ ಆರಿಸಿಕೊಂಡಿತು. 'ಬ್ಲೂ ಬಾಯ್', 'ವೈಕಿಂಗ್', 'ಅಡ್ಮಿರಲ್' ಇತ್ಯಾದಿ. ಇವತ್ತು ಲೋಕದ ಕಿಟಕಿಗಳಲ್ಲಿರುವ ಸಾವಿರಾರು ತಳಿಗಳಲ್ಲಿ ಬಹುಪಾಲಿನ ವಂಶವೃಕ್ಷ ಹಿಡಿದು ಹಿಂದೆ ಹೋದರೆ ಈ ಹತ್ತರ ಮನೆಗೇ ಬಂದು ನಿಲ್ಲುತ್ತೀರಿ. ಕಸಿ ತಳಿಯ ಬೀಜ ಬಿತ್ತಿದರೆ ಮಕ್ಕಳು ತಾಯಿಯ ಹಾಗೆ ಇರುತ್ತವೆ ಅನ್ನೋ ಖಾತ್ರಿಯಿಲ್ಲ. ಎಲೆ ನೆಟ್ಟರೆ ಆ ತಂಟೆಯಿಲ್ಲ, ಸಾಮಾನ್ಯವಾಗಿ ಪಡಿಯಚ್ಚು. ಹಾಗಾಗಿ ಈ ಗಿಡ ಹರಡಿದ್ದೆಲ್ಲ ಎಲೆಯಿಂದ ಎಲೆಗೆ.

1938ರಲ್ಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂತು. ಬಿಸಿಲೇ ಬೇಕಿಲ್ಲದೆ ನೆಲಮಾಳಿಗೆಯಲ್ಲೂ ಹೂ ಬಿಡಿಸಬಹುದು ಅಂತಾಯಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಟ್ಲಾಂಟಾ ನಗರದಲ್ಲಿ ಬರೀ ಇದೊಂದೇ ಗಿಡದ ಪ್ರದರ್ಶನ ನಡೆದು, ಅಲ್ಲೇ ಅಮೆರಿಕದ ಆಫ್ರಿಕನ್ ವಯಲೆಟ್ ಸೊಸೈಟಿ ಹುಟ್ಟಿಕೊಂಡಿತು. ಸ್ನೇಹಿತರ ನಡುವೆ, ಅಂಚೆಯಲ್ಲಿ, ಕ್ಲಬ್ಬಿನ ಸಭೆಗಳಲ್ಲಿ ಎಲೆಗಳ ವಿನಿಮಯ ಜೋರಾಗಿ ನಡೆಯಿತು. ಸಾವಿರಾರು ಮೈಲಿ ದೂರದಲ್ಲಿದ್ದ ಆ ಹೆಂಗಸರೆಲ್ಲ ನನಗೆ ನಮ್ಮತ್ತೆಯ ಒರಗಿತ್ತಿಯರ ಹಾಗೆ ಕಾಣ್ತಾರೆ.

ಈಗ ನುಸಿ. ಇದನ್ನು ಮೊದಲು ಗುರುತಿಸಿ ವೈಜ್ಞಾನಿಕ ಹೆಸರು ಕೊಟ್ಟಿದ್ದು ಅಮೆರಿಕದ ನೇಥನ್ ಬ್ಯಾಂಕ್ಸ್, 1899ರಲ್ಲಿ. ಬೆಳಕು ಕಂಡರೆ ಆಗದು, ತೇವ ಬೇಕು, ಎಳೆ ಚಿಗುರಿನ ರಸ ಬೇಕು. ವಯಲೆಟ್ಟಿನ ನಡುವೆ ರೋಮ ಮುಚ್ಚಿದ, ಬೆಚ್ಚಗಿನ, ಕತ್ತಲೆಯ ಸುಳಿ ಇದೆಯಲ್ಲ, ಇದಕ್ಕೆಂದೇ ಕಟ್ಟಿಸಿದ ಮನೆ ಅದು. ಎರಡು ವಾರದ ಆಚೀಚೆಗೆ ಒಂದು ತಲೆಮಾರು ಮುಗಿಯುತ್ತದೆ. ಗಂಡು ಅಪರೂಪ, ಗಂಡಿನ ಅಗತ್ಯವೂ ಇಲ್ಲ. ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಟ್ಟು ಹೆಣ್ಣುಮರಿಗಳನ್ನು ಮಾಡುತ್ತದೆ. ಅಂದರೆ ಈ ಗಿಡ ಹಬ್ಬೋಕೆ ಹೇಗೆ ಒಂದು ಎಲೆ ಸಾಕೋ, ಈ ನುಸಿ ಹಬ್ಬೋಕೂ ಒಂದೇ ಒಂದು ಸಾಕು. ಒಂದು ಗಿಡ ಮುಟ್ಟಿ ಇನ್ನೊಂದು ಗಿಡ ಸವರಿದರೆ ಆಯ್ತು. ನಾನು ದಿನಾ ಬೆಳಿಗ್ಗೆ ಪ್ರೀತಿಯಿಂದ ಮಾಡುತ್ತಿದ್ದ ಕೆಲಸವೇ ಅದು.

ಗಾಜಿನ ಮನೆಯಲ್ಲಿ ಗಿಡ ಬೆಳೆಸುವವರಿಗೆ ಹುಳುಗಳ ಜೊತೆಗಿನ ಯುದ್ಧ ಹೊಸತೇನಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಬಾಗಿಲು ಮುಚ್ಚಿ ತಂಬಾಕಿನ ಹೊಗೆ ಹಾಕೋರು. 1886ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿ.ಡಬ್ಲ್ಯೂ. ಕೋಕಿಲೆಟ್ ಕಿತ್ತಳೆ ಮರಕ್ಕೆ ಡೇರೆ ಹೊದಿಸಿ ಒಳಗೆ ಸಯನೈಡ್ ಅನಿಲ ಬಿಟ್ಟು ಶಲ್ಕ ಕೀಟಗಳನ್ನು ಕೊಂದ. ಆದರೆ ಹೊಗೆ, ಅನಿಲ, ಸಿಂಪಡಣೆ ಯಾವುದೂ ಸುಳಿಯೊಳಗೆ ಅವಿತ ನುಸಿಯ ತನಕ ಸಲೀಸಾಗಿ ಹೋಗಲ್ಲ. ಅದಕ್ಕೆ ಒಂದು ಹಳೆಯ ಉಪಾಯವಿತ್ತು, ಬಿಸಿನೀರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಗಿಡವನ್ನು ಹದಿನೈದು ನಿಮಿಷವೋ ಅರ್ಧ ಗಂಟೆಯೋ ಮುಳುಗಿಸಿಡೋದು. ನುಸಿ ಸಾಯುತ್ತದೆ, ಗಿಡ ಬಹುತೇಕ ಬದುಕುತ್ತದೆ. ನಾಲ್ಕು ಡಿಗ್ರಿ ಆಚೆಗೆ ಹೋದರೆ ಗಿಡವೂ ಬೆಂದ ಸೊಪ್ಪು. ಬೇಜಾರಿನ, ತಾಳ್ಮೆಯ ಕೆಲಸ. ಇದಕ್ಕಿಂತ ಸುಲಭದ್ದು ಸಿಕ್ಕರೆ ಯಾರು ಬೇಡ ಅಂತಾರೆ?

ಸಿಕ್ಕಿತು. ಅದು ಸಿಕ್ಕಿದ್ದು ದನಗಳಿಂದ.

ಅಮೆರಿಕದ ದಕ್ಷಿಣ ಡಕೋಟಾ ಸೀಮೆಯಲ್ಲಿ ದನ ಕುದುರೆಗಳ ಬಾಲದ ಕೂದಲು ಉದುರಿ, ಗೊರಸು ಕಳಚಿ ಬೀಳುವ ವಿಚಿತ್ರ ಕಾಯಿಲೆಯೊಂದಿತ್ತು. ಜನ ಅಲ್ಲಿನ ಉಪ್ಪುನೀರಿನ ದೋಷ ಅಂತಿದ್ದರು. 1930ರ ದಶಕದ ಮೊದಲಲ್ಲಿ ರಸಾಯನಶಾಸ್ತ್ರಜ್ಞರು ನಿಜವಾದ ಕಾರಣ ಹಿಡಿದರು. ಆ ಮಣ್ಣಿನಲ್ಲಿ ಸೆಲೆನಿಯಮ್ ಜಾಸ್ತಿ, ಬೆಳೆ ಅದನ್ನು ಬೇರಿನಿಂದ ಹೀರಿಕೊಳ್ಳುತ್ತದೆ, ಬೆಳೆ ತಿಂದ ದನಕ್ಕೆ ವಿಷವೇರುತ್ತದೆ. ಇದರ ಮೇಲೆ ಕೆಲಸ ಮಾಡುತ್ತಿದ್ದ ಸರಕಾರಿ ವಿಜ್ಞಾನಿ ಆ್ಯನಿ ಮೇ ಹರ್ಡ್ ಕ್ಯಾರರ್ ಮತ್ತು ಕೀಟತಜ್ಞ ಎಫ್.ಡಬ್ಲ್ಯೂ. ಪೂಸ್ 1936ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಸೆಲೆನಿಯಮ್ ಹೀರಿದ ಗಿಡದ ರಸ ಕುಡಿದರೆ ಸಸ್ಯಹೇನುಗಳೂ ಸಾಯುತ್ತವೆ ಅಂತ. ದನಕ್ಕೆ ಶಾಪವಾಗಿದ್ದು ತೋಟಗಾರನಿಗೆ ವರವಾಯ್ತು. ಗಿಡದ ಮೇಲೆ ವಿಷ ಹೊಡೆಯೋದು ಯಾಕೆ, ಗಿಡವನ್ನೇ ವಿಷ ಮಾಡಿಬಿಟ್ಟರಾಯ್ತಲ್ಲ! ಇವತ್ತು ಬೇರಿಗೆ ಹಾಕಿದರೆ ಚಿಗುರಿನ ತನಕ ಏರುವ ಅಂತರ್ವ್ಯಾಪಿ ಕೀಟನಾಶಕ ಅಂತೀವಲ್ಲ, ಆ ಯೋಚನೆಯ ಮೊದಲ ಮೆಟ್ಟಿಲುಗಳಲ್ಲಿ ಇದೂ ಒಂದು.

ಮೊದಲು ವಾಣಿಜ್ಯ ಗಾಜಿನಮನೆಗಳ ಕಾರ್ನೇಷನ್, ಸೇವಂತಿಗೆಗೆ ಸೋಡಿಯಂ ಸೆಲೆನೇಟ್ ಹಾಕಿದರು. ನಲವತ್ತರ ದಶಕದ ಹೊತ್ತಿಗೆ ಅದು ವಯಲೆಟ್ ಬೆಳೆಸುವ ಹವ್ಯಾಸಿಗಳ ಮನೆಗೂ ಬಂತು. ಮಣ್ಣಿಗೆ ಹಾಕಿ ನೀರೆರೆದರೆ ಸಾಕು. ಸುಳಿಯೊಳಗಿನ ನುಸಿ, ಹಿಟ್ಟು ತಿಗಣೆ ಎಲ್ಲ ಸ್ವಚ್ಛ. ಕೆಲಸವನ್ನು ಅದು ನಿಜಕ್ಕೂ ಮಾಡುತ್ತಿತ್ತು, ಕಷ್ಟ ಇದ್ದಿದ್ದೂ ಅಲ್ಲೇ. ಅದು ಬೇಗ ಕರಗಿಹೋಗುವ ವಿಷವಲ್ಲ, ಮಣ್ಣಿನಲ್ಲಿ ಉಳಿಯುತ್ತದೆ, ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಘೋರ. ವಯಲೆಟ್ ಇಡುವ ಜಾಗ ಯಾವುದು ಹೇಳಿ? ಅಡುಗೆಮನೆಯ ಕಿಟಕಿ. ಗೊರಸು ಕಳಚುವ ಕಾಯಿಲೆಯ ಅದೇ ಧಾತು, ಸಿಂಕಿನ ಪಕ್ಕದಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಹೂ ಬಿಟ್ಟುಕೊಂಡು ಕೂತಿತ್ತು. ಆ ಹೆಂಗಸರನ್ನು ದಡ್ಡರು ಅನ್ನೋಕೆ ನನಗೆ ಬಾಯಿ ಬರಲ್ಲ. ಬಚ್ಚಲಿನ ಕಿಟಕಿಯ ಮುಂದೆ ನಿಂತ ಆ ಸಂಜೆ ಯಾರಾದರೂ ನನ್ನ ಕೈಗೆ ಅಂಥ ಪುಡಿ ಕೊಟ್ಟು 'ಅತ್ತೆಯ ಗಿಡ ಉಳಿಯುತ್ತೆ' ಅಂದಿದ್ದರೆ ನಾನೂ ಹಾಕಿಬಿಡುತ್ತಿದ್ದೆ.

ಆಮೇಲೆ ಡಿಡಿಟಿ ಕಾಲ. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಡಿಡಿಟಿ ಹೊಡೆದ ತೋಟಗಳಲ್ಲಿ ಹುಳು ಸತ್ತವು, ನುಸಿಗಳು ಮಾತ್ರ ಎಷ್ಟೋ ಕಡೆ ಮೊದಲಿಗಿಂತ ಹೆಚ್ಚಾದವು. ಯಾಕೆ? ನುಸಿಗೆ ಡಿಡಿಟಿ ಅಷ್ಟಾಗಿ ನಾಟಲ್ಲ, ನುಸಿಯನ್ನು ತಿಂದು ಬದುಕುವ ಜೀವಿಗಳಿಗೆ ನಾಟುತ್ತದೆ. ಇದರ ಸ್ವಚ್ಛ ಪುರಾವೆ ಸಿಕ್ಕಿದ್ದು ನನ್ನ ಕಿಟಕಿಯ ಇದೇ ಸೈಕ್ಲಮೆನ್ ಮೈಟ್‌ನಿಂದ ಅಂತ ತಿಳಿದಾಗ ಖುಷಿಯಾಗಬೇಕೋ ಬೇಜಾರಾಗಬೇಕೋ ಗೊತ್ತಾಗಲಿಲ್ಲ. ಕ್ಯಾಲಿಫೋರ್ನಿಯಾದ ಹಫೇಕರ್ ಮತ್ತು ಕೆನೆಟ್ ಸ್ಟ್ರಾಬೆರಿ ಪಾತಿಗಳಲ್ಲಿ ಮಾಡಿದ ಪ್ರಯೋಗವನ್ನು 1956ರಲ್ಲಿ ಪ್ರಕಟಿಸಿದರು. ಕೆಲವು ಪಾತಿಗಳಿಗೆ ಪ್ಯಾರಾಥಿಯಾನ್ ವಿಷ ಹೊಡೆದು ಬೇಟೆಗಾರ ನುಸಿಗಳನ್ನು ದೂರವಿಟ್ಟರು, ಉಳಿದವನ್ನು ಹಾಗೇ ಬಿಟ್ಟರು. ವಿಷ ಹೊಡೆದ ಪಾತಿಗಳಲ್ಲಿ ಸೈಕ್ಲಮೆನ್ ಮೈಟ್ ಎಷ್ಟೋ ಪಟ್ಟು ಹೆಚ್ಚಿತು. ಅಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೂ ಲೋಕ ಮಾಡಿದ್ದೇನು? ನುಸಿಗೇ ಅಂತ ಇನ್ನೊಂದು ಔಷಧ ತಂದಿದ್ದು. ಡೈಕೋಫಾಲ್, ಡಿಡಿಟಿಯ ದಾಯಾದಿ. ದಶಕಗಟ್ಟಲೆ ವಯಲೆಟ್ ಪ್ರಿಯರ ಕಪಾಟಿನಲ್ಲಿ ಅದು ಖಾಯಂ. ಪರಿಸರದಲ್ಲಿ ಕೊಳೆಯದೆ ಉಳಿಯುವ ವಿಷ ಅಂತ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಅದನ್ನೂ ಸೇರಿಸಿದರು.

ವಯಲೆಟ್ ಗಿಡ ಬರೀ ಪಾಪದ ಬಲಿಪಶುವಾಗಿ ಉಳಿಯಲಿಲ್ಲ, ಒಮ್ಮೆ ವಾಹನವೂ ಆಯಿತು. ವೆಸ್ಟರ್ನ್ ಫ್ಲವರ್ ಥ್ರಿಪ್ಸ್ ಅನ್ನೋ ಕಡ್ಡಿಚೂರಿನಂಥ ಕೀಟ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. 1895ರಲ್ಲೇ ಅದರ ವರ್ಣನೆ ದಾಖಲಾಗಿತ್ತು, ಆದರೂ ಎಂಬತ್ತು ವರ್ಷ ತನ್ನ ಪಾಡಿಗೆ ತಾನಿತ್ತು. 1970ರ ದಶಕದ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಲೋಕಸಂಚಾರ ಶುರು ಮಾಡಿತು. ಯುರೋಪಿನಲ್ಲಿ ಅದು ಮೊದಲು ಕಣ್ಣಿಗೆ ಬಿದ್ದಿದ್ದು 1983ರಲ್ಲಿ, ನೆದರ್ಲೆಂಡ್ಸಿನ ಗಾಜಿನಮನೆಯಲ್ಲಿ, ಆಫ್ರಿಕನ್ ವಯಲೆಟ್ ಮೇಲೆ. ಹೂಕುಂಡದ ಜೊತೆ ಬಂದದ್ದು ಕೆಲವೇ ವರ್ಷಗಳಲ್ಲಿ ಯುರೋಪಿನ ಸೌತೆ, ದಪ್ಪಮೆಣಸು, ಸೇವಂತಿಗೆಗಳ ತಲೆನೋವಾಯಿತು. ಟೊಮೆಟೊಗೆ ರೋಗ ತರುವ ವೈರಸ್ಸನ್ನೂ ಅದು ಹೊತ್ತು ತಿರುಗುತ್ತದೆ.

ಎಂಬತ್ತು ವರ್ಷ ಸುಮ್ಮನಿದ್ದದ್ದು ಆಗಲೇ ಯಾಕೆ ಹೊರಟಿತು? ಇದನ್ನು ಹಿಂಬಾಲಿಸಿ ಅಧ್ಯಯನ ಮಾಡಿದವರು ಕೊಡುವ ಕಾರಣ ಇದು: ಗಾಜಿನಮನೆಗಳಲ್ಲಿ ಎಡೆಬಿಡದೆ ಕೀಟನಾಶಕ ಹೊಡೆದದ್ದರಿಂದ, ಯಾವುದಕ್ಕೂ ಬಗ್ಗದ ಒಂದು ಥ್ರಿಪ್ಸ್ ತಳಿ ಅಲ್ಲೇ ತಯಾರಾಯಿತು. ಆಮೇಲೆ ಅದು ಹೂವಿನ ವ್ಯಾಪಾರದ ದಾರಿ ಹಿಡಿಯಿತು. ಹೊಡೆದೂ ಹೊಡೆದೂ ನಾವೇ ಸಾಣೆ ಹಿಡಿದ ಹುಳು ಅದು. ಹಾಗಾಗಿ ಹಳೆಯ ವಯಲೆಟ್ ಬೆಳೆಗಾರರು ಥ್ರಿಪ್ಸ್ ಬಂದರೆ ಬಾಟಲಿ ಮುಟ್ಟೋಕೆ ಮುಂಚೆ ಕತ್ತರಿ ಹುಡುಕುತ್ತಾರೆ. ಈ ಹುಳುವಿಗೆ ಪರಾಗವೇ ಮೃಷ್ಟಾನ್ನ. ಹೂದಳದ ಮೇಲೆ ಹಳದಿ ಪುಡಿ ಚೆಲ್ಲಿದ್ದು ಕಂಡರೆ ಅದು ಬಂದಿದೆ ಅಂತ ಅರ್ಥ. ಮನೆಯಲ್ಲಿರುವ ಎಲ್ಲ ಗಿಡಗಳ ಎಲ್ಲ ಹೂವನ್ನೂ, ಮೊಗ್ಗನ್ನೂ ಕತ್ತರಿಸಿ, ಕೆಲವು ವಾರ ಒಂದೂ ಅರಳದ ಹಾಗೆ ನೋಡಿಕೊಳ್ಳೋದು. ಊಟ ಸಿಗದೆ ಅದರ ಸಂಸಾರ ಕುಗ್ಗುತ್ತಾ ಬರುತ್ತದೆ. ಹೂವಿಗಾಗಿಯೇ ಸಾಕಿದ ಗಿಡದ ಹೂವನ್ನೆಲ್ಲ ನಿಮ್ಮ ಕೈಯಾರೆ ಕತ್ತರಿಸೋದು ಎಷ್ಟು ಹಿಂಸೆ ಅನ್ನೋದು ಮಾಡಿದವರಿಗೇ ಗೊತ್ತು.

ನಮ್ಮೂರೂ ಈ ಕತೆಯ ಹೊರಗಿಲ್ಲ. ಏರ್‌ಪೋರ್ಟಿಗೆ ಹೋಗುವಾಗ ಹೆಬ್ಬಾಳದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಬೈದುಕೊಳ್ತೀವಲ್ಲ, ಆ ಬಳ್ಳಾರಿ ರಸ್ತೆಯಲ್ಲೇ ಕೇಂದ್ರ ಸರಕಾರದ ಕೀಟ ಸಂಪನ್ಮೂಲ ಬ್ಯೂರೋ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಮೂಲ ಮೆಕ್ಸಿಕೋ ಕಡೆಯದು. ಪಪಾಯ ಹಾಳಾಯ್ತು, ಹಿಪ್ಪುನೇರಳೆಗೂ ಹತ್ತಿ ತಮಿಳುನಾಡು, ಕರ್ನಾಟಕದ ರೇಷ್ಮೆ ರೈತರು ಕಂಗಾಲಾದರು. ಹೊಡೆದ ಔಷಧ ಹಿಟ್ಟಿನಂಥ ಮೇಣದ ಹೊದಿಕೆ ದಾಟಿ ಒಳಗೆ ಹೋಗಲಿಲ್ಲ. 2010ರಲ್ಲಿ ಹೆಬ್ಬಾಳದ ಇದೇ ಸಂಸ್ಥೆ ಪೋರ್ಟೊ ರಿಕೊದಿಂದ ಸೂಜಿಮೊನೆಗಿಂತ ತುಸು ದೊಡ್ಡದಾದ ಕಣಜಗಳನ್ನು ತರಿಸಿ, ಸಾಕಿ, ಹಂಚಿತು. ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಕಣಜ ಅದು. ಕೆಲವೇ ತಿಂಗಳಲ್ಲಿ ತೋಟಗಳು ಚೇತರಿಸಿಕೊಂಡವು. ನಾವು ಐಟಿ ಮಂದಿ ನಮ್ಮ ನಗರದ ಹೆಮ್ಮೆಯ ಪಟ್ಟಿ ಹೇಳುವಾಗ ಈ ಕಣಜವನ್ನು ಯಾರೂ ಸೇರಿಸಲ್ಲ.

ಅದಕ್ಕೂ ನೂರು ವರ್ಷ ಮುಂಚಿನದು ಇನ್ನೊಂದಿದೆ, ಅದು ನನಗೆ ಇನ್ನೂ ಇಷ್ಟ. 1898ರಲ್ಲಿ ನ್ಯೂಪೋರ್ಟ್ ಅನ್ನೋ ಕಾಫಿ ಪ್ಲಾಂಟರ್ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲಿ ಅಂತ ಆಸ್ಟ್ರೇಲಿಯಾ ಮೂಲದ ಒಂದು ಗುಲಗಂಜಿ ಹುಳುವನ್ನು ದಕ್ಷಿಣ ಭಾರತಕ್ಕೆ ತರಿಸಿದ. ಅದು ಅವನು ಹೇಳಿದ ಕೆಲಸ ಮಾಡಲೇ ಇಲ್ಲ. ಬದಲಿಗೆ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ಇಲ್ಲೇ ನೆಲೆಯೂರಿತು. ಇವತ್ತು ಅದನ್ನು ಬೆಂಗಳೂರಿನಲ್ಲೇ ಸಾಕಿ ದ್ರಾಕ್ಷಿ, ಸೀಬೆ ತೋಟಗಳಿಗೆ ಮಾರುತ್ತಾರೆ. ಸಂದರ್ಶನ ಒಂದು ಹುದ್ದೆಗೆ ಕೊಟ್ಟು, ಬಡ್ತಿ ಇನ್ನೊಂದರಲ್ಲಿ ಪಡೆದ ಸಹೋದ್ಯೋಗಿಗಳು ನಿಮಗೂ ಗೊತ್ತಿರಬೇಕು. ಯುರೋಪಿನಲ್ಲೂ ಹೀಗೇ ಒಂದು ಪವಾಡ ನಡೆದಿದೆ. ಜೇಡ ನುಸಿಯನ್ನು ಬೇಟೆಯಾಡುವ ಕೆಂಪು ನುಸಿಯೊಂದು 1958ರಲ್ಲಿ ಚಿಲಿ ದೇಶದಿಂದ ಬಂದ ಆರ್ಕಿಡ್ ಪಾರ್ಸಲಿನಲ್ಲಿ, ಯಾರೂ ಕರೆಯದೆ, ಜರ್ಮನಿಗೆ ಬಂದಿಳಿಯಿತು. ಈಗ ಜಗತ್ತಿನ ಗಾಜಿನಮನೆಗಳಲ್ಲಿ ಅದನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಶತ್ರು ಬರುವ ಗಂಟಿನಲ್ಲೇ ಕೆಲವೊಮ್ಮೆ ನೆಂಟನೂ ಬರುತ್ತಾನೆ.

ಆದರೆ ಇದೆಲ್ಲ ತೋಟದ ಮಾತು. ಎರಡು ಬೆಡ್‌ರೂಮಿನ ಫ್ಲಾಟಿನ ಕಿಟಕಿಯಲ್ಲಿ ಕಣಜ ಸಾಕೋಕಾಗುತ್ತಾ? ಗುಲಗಂಜಿ ಹುಳು ಬಿಟ್ಟರೆ ಸಂಜೆಗೆ ಟ್ಯೂಬ್‌ಲೈಟಿನ ಸುತ್ತ ಇರುತ್ತದೆ. ಹಿಟ್ಟು ತಿಗಣೆಯಾಗಿದ್ದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ ಹೇಗೋ ಗೆಲ್ಲಬಹುದಿತ್ತು, ಹಿಂದೆ ಗೆದ್ದಿದ್ದೇನೆ. ಬೇವಿನೆಣ್ಣೆ, ಸೋಪಿನ ನೀರು ಸುಳಿಯ ಹೊರಗೇ ನಿಲ್ಲುತ್ತವೆ. ಅಂಗಡಿಯವನು ಥಟ್ಟನೆ ಕೊಡುವ ಇಮಿಡಾಕ್ಲೋಪ್ರಿಡ್ ಹುಳುಗಳಿಗೆ ಮಾಡಿದ ಔಷಧ, ನುಸಿ ಅದಕ್ಕೆ ಜಗ್ಗಲ್ಲ. ಎಂಟು ಕಾಲಿನ ನುಸಿ ಜೇಡದ ಬಳಗ, ಕೀಟವೇ ಅಲ್ಲ. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ದುಡ್ಡು ಮಣ್ಣಿಗೆ ಸುರಿದಿದ್ದೀವೋ!

ನನ್ನ ಹನ್ನೊಂದು ಗಿಡಗಳಲ್ಲಿ ಮೂರು ಆಗಲೇ ಕೆಟ್ಟಿದ್ದವು. ಉಳಿದ ಎಂಟನ್ನು ಕಾಪಾಡಬೇಕಾದರೆ ಆ ಮೂರನ್ನು ಎಸೆಯಬೇಕು ಅಂತ ಗೊತ್ತಾಗಿಬಿಟ್ಟಿತ್ತು. ಬಿಳಿ ಅಂಚಿನ ಸುಂದರಿಯನ್ನು ಒಂದು ಕ್ಷಣವೂ ಯೋಚಿಸದೆ ಕವರಿಗೆ ಹಾಕಿ ಗಂಟು ಕಟ್ಟಿದೆ. ಇನ್ನೊಂದೂ ಹೋಯ್ತು. ಅತ್ತೆಯ ಗಿಡದ ಹತ್ತಿರ ಬಂದಾಗ ಕೈ ಬರಲಿಲ್ಲ.

ಆ ದಿನಗಳಲ್ಲೇ ಓದಿದ್ದು ವಾಷಿಂಗ್ಟನ್ನಿನ ಚೆರ್ರಿ ಮರಗಳ ಕತೆ. ವಸಂತದಲ್ಲಿ ಅಲ್ಲಿಗೆ ಹೋದ ನಮ್ಮವರೆಲ್ಲ ಫೋಟೊ ಹಾಕ್ತಾರಲ್ಲ, ಆ ಗುಲಾಬಿ ಮರಗಳು. ಟೋಕಿಯೊ ಮೇಯರ್ ಯುಕಿಯೊ ಒಝಾಕಿ ಸ್ನೇಹದ ಕಾಣಿಕೆಯಾಗಿ ಕಳಿಸಿದ 2000 ಮರಗಳು 1910ರ ಜನವರಿಯಲ್ಲಿ ಬಂದಿಳಿದವು. ಕೃಷಿ ಇಲಾಖೆಯವರು ಪರೀಕ್ಷೆ ಮಾಡಿದರೆ ಶಲ್ಕ ಕೀಟ, ಕೊರಕ ಹುಳು, ಬೇರಿಗೆ ಜಂತು. ಸುಡಬೇಕು ಅಂತ ಹಟ ಹಿಡಿದವನು ಕೀಟತಜ್ಞ ಚಾರ್ಲ್ಸ್ ಮಾರ್ಲಾಟ್. ಲೋಕವೆಲ್ಲ ಅಲೆದು ಗಿಡ ತರಿಸುತ್ತಿದ್ದ ಡೇವಿಡ್ ಫೇರ್‌ಚೈಲ್ಡ್ ಎದುರು ಪಾಳಯ. ಇಬ್ಬರೂ ಕ್ಯಾನ್ಸಸ್‌ನ ಒಂದೇ ಊರಿನ ಬಾಲ್ಯದ ಗೆಳೆಯರು. ಕೊನೆಗೆ ಅಧ್ಯಕ್ಷ ಟಾಫ್ಟ್ ಒಪ್ಪಿಗೆ ಕೊಟ್ಟ. ಒಂದು ದೇಶ ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ಇನ್ನೊಂದು ದೇಶ ರಾಶಿ ಹಾಕಿ ಸುಟ್ಟಿತು. ಜಪಾನಿನವರು ಮುನಿಸಿಕೊಳ್ಳಲಿಲ್ಲ. ಹುಳು ಇಲ್ಲದ ಹಾಗೆ ಜೋಪಾನವಾಗಿ ಕಸಿ ಕಟ್ಟಿ ಬೆಳೆಸಿದ 3020 ಹೊಸ ಸಸಿಗಳನ್ನು 1912ರಲ್ಲಿ ಮತ್ತೆ ಕಳಿಸಿದರು. ಅದೇ ವರ್ಷ ಅಮೆರಿಕದಲ್ಲಿ ಗಿಡಗಳ ಕ್ವಾರಂಟೈನ್ ಕಾನೂನು ಬಂತು. ಭಾರತದಲ್ಲಿ ಅಂಥದ್ದು 1914ರಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಗಿಡದ ಹೊರಸುತ್ತಿನಲ್ಲಿ ಇನ್ನೂ ನೆಟ್ಟಗಿದ್ದ, ಸುಳಿಯಿಂದ ದೂರದ ಎರಡು ಹಳೆಯ ಎಲೆಗಳನ್ನು ತೊಟ್ಟಿನ ಸಮೇತ ಕಿತ್ತೆ. ನುಸಿಗೆ ಎಳೆಯದೇ ಬೇಕು, ಹಳೆಯ ಎಲೆಯಲ್ಲಿ ಕಡಿಮೆ ಇರುತ್ತದೆ. ಅಗಲ ಪಾತ್ರೆಯಲ್ಲಿ ನೀರು ಕಾಸಿ, ಮೊಸರಿಗೆ ಹೆಪ್ಪು ಹಾಕೋಕೆ ಅಂತ ತರಿಸಿದ್ದ ಥರ್ಮಾಮೀಟರ್ ಇಟ್ಟು, 43 ಡಿಗ್ರಿಗೆ ಬಂದಾಗ ಎಲೆಗಳನ್ನು ಮುಳುಗಿಸಿದೆ. 42ಕ್ಕೆ ಇಳಿದರೆ ಒಂದು ಸೌಟು ಬಿಸಿನೀರು, 44 ಆದರೆ ಒಂದು ಸೌಟು ತಣ್ಣೀರು. ಹದಿನೈದು ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ಉಳಿದ ಗಿಡವನ್ನು, ಮಣ್ಣನ್ನು ಕವರಿಗೆ ಹಾಕಿದೆ. ಕುಂಡ ಅತ್ತೆಯದೇ, ಅದನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ.

ಒಂದು ಎಲೆ ನಾಲ್ಕನೇ ದಿನಕ್ಕೆ ಕೊಳೆತು ಹೋಯ್ತು. ನೀರು ಎಲ್ಲೋ ಜಾಸ್ತಿ ಬಿಸಿಯಾಗಿತ್ತು ಅಂತ ಕಾಣುತ್ತೆ. ಇನ್ನೊಂದು ವರ್ಮಿಕ್ಯುಲೈಟ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೇರೆ ಗಿಡಗಳಿಂದ ದೂರ, ಮಲಗುವ ಕೋಣೆಯ ಪುಸ್ತಕದ ಶೆಲ್ಫಿನ ಮೇಲಿದೆ. ಇವತ್ತಿಗೆ 53 ದಿನ. ಮೆಲ್ಲಗೆ ಎಳೆದರೆ ಬರಲ್ಲ, ಅಂದರೆ ಬೇರು ಬಿಟ್ಟಿದೆ. ಮರಿ ಇನ್ನೂ ಕಾಣಿಸಿಲ್ಲ. ದಿನಾ ರಾತ್ರಿ ಮಲಗೋ ಮುಂಚೆ ಮುಚ್ಚಳ ತೆಗೆದು ಫೋನಿನ ಟಾರ್ಚ್ ಹಾಕಿ ನೋಡ್ತೀನಿ, ನೋಡೋಕೆ ಮುಂಚೆ ಕೈ ತೊಳ್ಕೊಂಡು.